ಪೊರಕೆ ತಲುಪದ ಬೆಂಗಳೂರು

ಬಸವನಗುಡಿಯ ಹೊಂಗೆ ಎಲೆ ಮರದ ಮೇಲೆ ಹತ್ತಿರಹತ್ತಿರ ಒಂದು ವರ್ಷ ಬದುಕುತ್ತದೆ. ನೆಲಕ್ಕೆ ಬಿದ್ದ ಮೇಲೆ ಅದಕ್ಕೆ ಸಿಗುವುದು ಒಂದೇ ರಾತ್ರಿ. ಬೆಳಗಾಗುವಷ್ಟರಲ್ಲಿ ಪೌರಕಾರ್ಮಿಕರ ಉದ್ದಕೋಲಿನ ಪೊರಕೆ ಬರುತ್ತದೆ. ಅದು ತಪ್ಪಿದರೆ ಬಾಗಿಲಿಗೆ ನೀರು ಚಿಮುಕಿಸಿ ರಂಗೋಲಿ ಇಡುವವರು ಆಚೆಗೆ ತಳ್ಳುತ್ತಾರೆ. ಅದೂ ತಪ್ಪಿದರೆ ಯಾರೋ ಮೂಲೆಗೆ ರಾಶಿ ಹಾಕಿ ಕಡ್ಡಿ ಗೀರುತ್ತಾರೆ. ಶುಚಿಯಾದ ಬಡಾವಣೆ ಎಂದರೆ ಉದುರೆಲೆ ಕಾಣದ ಬಡಾವಣೆ ಎಂದು ಈ ಊರು ತೀರ್ಮಾನಿಸಿ ಬಹಳ ಕಾಲವಾಯಿತು.

ಎಲೆಯೊಂದು ಸರಿಯಾಗಿ ಕೊಳೆಯಬೇಕಾದರೆ ತಿಂಗಳುಗಟ್ಟಲೆ ಬಿಡುವು ಬೇಕು. ಮೊದಲು ಅದಕ್ಕೆ ಬೂಷ್ಟು ಹಿಡಿಯಬೇಕು. ಬೂಷ್ಟು ಮೇಯಲು ಸ್ಪ್ರಿಂಗ್‌ಟೇಲ್ ಎಂಬ ಕಿರುಜೀವಿಗಳು ಬರಬೇಕು, ಗಟ್ಟಿ ಚಿಪ್ಪು ಹೊದ್ದ ಒರಿಬ್ಯಾಟಿಡ್ ನುಸಿಗಳು ಬರಬೇಕು. ಇವೆಲ್ಲ ಬಂದು, ಮೊಟ್ಟೆಯಿಟ್ಟು, ಸಂಸಾರ ಬೆಳೆಸಿದ ಮೇಲಷ್ಟೇ ಇವನ್ನು ತಿಂದು ಬದುಕುವ ಬೇಟೆಗಾರ ನುಸಿಗಳಿಗೆ ಅಲ್ಲಿ ನೆಲೆ. ಬೆಡೆಲ್ಲಾ ಎಂಬುದು ಅಂಥ ಬೇಟೆಗಾರರ ಒಂದು ಕುಲ. ಕೆಂಪು ಮೈ, ಚೂಪು ಮೂತಿ, ಎಂಟು ಕಾಲು. ರೆಕ್ಕೆಯಿಲ್ಲ. ತರಗೆಲೆಯಿಂದ ತರಗೆಲೆಗೆ ನಡೆದೇ ಹೋಗಬೇಕು. ಹಾಗಾಗಿ ಈ ಕೆಂಪು ಮೂತಿನುಸಿ ಕಂಡಲ್ಲಿ ಒಂದು ಸಂಗತಿ ಊಹಿಸಬಹುದು: ಇಲ್ಲಿಯ ಎಲೆಯನ್ನು ಮನುಷ್ಯರು ಬಹುಕಾಲ ಮುಟ್ಟಿಲ್ಲ. ಹಳೇ ಬೆಂಗಳೂರಿನಲ್ಲಿ ಅಂಥ ಜಾಗ ಎಲ್ಲೆಲ್ಲಿ ಉಳಿದಿದೆ ಎಂದು ನೋಡಿಕೊಂಡು ಬರೋಣವೆಂದು ಹೊರಟ ತಿರುಗಾಟ ಇದು. ಬಸವನಗುಡಿಯಿಂದ ಮಲ್ಲೇಶ್ವರದವರೆಗೆ ಮೆಟ್ರೊದಲ್ಲಿ ಕುಳಿತರೆ ಕಾಲು ಗಂಟೆಯೂ ಹಿಡಿಯದು. ನೆಲ ನೋಡಿಕೊಂಡು ಹೊರಟರೆ ಆಷಾಢದ ಬೆಳಗುಗಳು ಸಾಲುವುದಿಲ್ಲ.

ಜೊತೆಗೆ ಬಂದವನು ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರ ಓದಿದ ಗೆಳೆಯ, ತಿಪಟೂರಿನ ಕಡೆಯವನು. ಸಾಮಾನು ಬಹಳವಿಲ್ಲ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ, ಒಂದು ಬಿಳಿ ತಟ್ಟೆ, ನೀರಿನ ಬಣ್ಣದ ಸಣ್ಣ ಕುಂಚ, ಬಟ್ಟೆ ಚೀಲ. ತರಗೆಲೆಯನ್ನು ತಟ್ಟೆಯ ಮೇಲೆ ಕೊಡವಿ ಸುಮ್ಮನೆ ಕಾಯುವುದು. ಧೂಳಿನ ಕಣಗಳಲ್ಲಿ ಕೆಲವು ನಡೆಯತೊಡಗುತ್ತವೆ.

ಮೊದಲು ಹೋದದ್ದು ಕಹಳೆ ಬಂಡೆಗೆ. ದೊಡ್ಡ ಬಸವಣ್ಣನ ಗುಡಿಗೆ ಒತ್ತಿಕೊಂಡೇ ಇರುವ, ಎಲ್ಲರೂ ಬ್ಯೂಗಲ್ ರಾಕ್ ಎನ್ನುವ ಉದ್ಯಾನ. ಕೆಂಪೇಗೌಡರ ಕಾಲದಲ್ಲಿ ಕಾವಲಿನವರು ಇಲ್ಲಿ ನಿಂತು ಸಂಜೆ ಕಹಳೆ ಊದುತ್ತಿದ್ದರೆಂಬ ಪ್ರತೀತಿಯಿದೆ. ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆಯಾಗಿ ಮಾರನೆಯ ಬೆಳಗ್ಗೆ ಈ ರಸ್ತೆಯಲ್ಲಿ ಕಾಲಿಟ್ಟಲ್ಲೆಲ್ಲ ಸಿಪ್ಪೆ ಸಿಡಿಯುತ್ತದೆ. ಆಷಾಢದಲ್ಲಿ ಆ ಗದ್ದಲವಿಲ್ಲ. ವಾಕಿಂಗ್ ಮುಗಿಸಿ ಬೆಂಚಿನಲ್ಲಿ ಕೂತವರು, ಗಾಳಿ, ಗಾಳಿ ಉದುರಿಸಿದ ಎಲೆ. ಕಾಲುದಾರಿಗಳನ್ನು ಆಗಲೇ ಗುಡಿಸಿಯಾಗಿತ್ತು. ಬಂಡೆಯೊಂದಕ್ಕೆ ಇನ್ನೊಂದು ಬಂಡೆ ಒರಗಿದ ಸಂದಿಯಲ್ಲಿ ಮಾತ್ರ ಮೊಣಕೈ ಆಳದವರೆಗೆ ಎಲೆ. ಮೇಲೆ ಈ ವರ್ಷದ್ದು, ಕೆಳಗೆ ಹೋದ ವರ್ಷದ್ದು, ಅದರಡಿ ಎಲೆಯೋ ಮಣ್ಣೋ ಎಂದು ಹೇಳಲಾಗದ ಕಪ್ಪು ಪುಡಿ. ಪೊರಕೆಯ ಕೋಲು ಅಲ್ಲಿ ತಿರುಗುವುದಿಲ್ಲ.

ಎರಡನೆಯ ಹಿಡಿ ಕೊಡವಿದಾಗಲೇ ತಟ್ಟೆಯ ಅಂಚಿನಿಂದ ಒಂದು ಕೆಂಪು ಚುಕ್ಕೆ ಹೊರಟಿತು. ಮಸೂರದಡಿ ಅದಕ್ಕೆ ಆಕಾರ ಬಂತು. ಉದ್ದ ಎರಡು ಮಿಲಿಮೀಟರಿಗೂ ಕಡಿಮೆ. ತಲೆಯೆಂದು ಬೇರೆಯಾಗಿ ಏನಿಲ್ಲ, ಮೈಯಿಂದ ಮುಂದಕ್ಕೆ ಚಾಚಿದ ಒಂದು ಮೂತಿ. ಮೂತಿಯ ಎರಡು ಬದಿಗೆ ಮೊಣಕೈಯಲ್ಲಿ ಮಡಚಿದ ಎರಡು ತೋಳು, ಒಂದೊಂದರ ತುದಿಯಲ್ಲೂ ಎರಡೆರಡು ಉದ್ದ ಕೂದಲು. ಎರಡು ಹೆಜ್ಜೆ ಇಡುವುದು, ನಿಲ್ಲುವುದು, ತೋಳಾಡಿಸಿ ಕೂದಲಿನಿಂದ ಮುಂದಿನ ನೆಲ ತಡವುವುದು, ಮತ್ತೆ ಎರಡು ಹೆಜ್ಜೆ. ತಟ್ಟೆಯಲ್ಲೇ ಇದ್ದ ಬೂದು ಸ್ಪ್ರಿಂಗ್‌ಟೇಲ್ ಹತ್ತಿರ ಬಂದಾಗ ಅದರ ನಡಿಗೆ ಇನ್ನೂ ನಿಧಾನವಾಯಿತು. ನಮ್ಮ ಉಸಿರು ತಗುಲಿತೋ ಏನೋ, ಸ್ಪ್ರಿಂಗ್‌ಟೇಲ್ ಹೊಟ್ಟೆಯಡಿ ಮಡಚಿಟ್ಟುಕೊಂಡಿದ್ದ ಕವಲು ಬಾಲವನ್ನು ನೆಲಕ್ಕೆ ಬಡಿದು ತಟ್ಟೆಯಿಂದಾಚೆಗೆ ಹಾರಿಹೋಯಿತು.

"ಛೇ, ಕಟ್ಟಿಹಾಕೋಕೆ ಮುಂಚೆನೇ ಹೋಯ್ತು," ಅಂದ ಗೆಳೆಯ.

"ಕಟ್ಟಿಹಾಕೋದಾ?"

"ಬಾಯಿಂದ ನೂಲು ಬಿಡುತ್ತೆ ಕಣೋ ಇದು. ಬೇಟೆಯ ಮೇಲೆ ನೂಲು ಎಳೆದು ನೆಲಕ್ಕೆ ಅಂಟಿಸಿಬಿಟ್ಟರೆ ಅದು ಎಲ್ಲಿ ಹಾರತ್ತೆ? ಆಮೇಲೆ ಆರಾಮಾಗಿ ಮೂತಿ ಚುಚ್ಚಿ ಹೀರೋದು."

ರಾಮನಗರದ ರೇಷ್ಮೆ ಮಾರುಕಟ್ಟೆಗೆ ಗಂಟೆಯ ದಾರಿಯಲ್ಲಿರುವ ಊರಿನವರಿಗೆ ಬಾಯಿಂದ ನೂಲು ಬರುವುದು ಹೊಸದಲ್ಲ. ಆದರೆ ರೇಷ್ಮೆಹುಳು ತನ್ನನ್ನು ತಾನು ಮುಚ್ಚಿಕೊಳ್ಳಲು ನೂಲು ಬಿಡುತ್ತದೆ. ಈ ನುಸಿ ಪೊರೆ ಕಳಚುವಾಗ ಹಾಗೂ ಮಾಡುತ್ತದೆ, ಬೇಟೆ ಕಟ್ಟಲೂ ಬಳಸುತ್ತದೆ. ಮೊಟ್ಟೆಯಿಂದ ಬಂದಾಗ ಇದಕ್ಕೆ ಆರೇ ಕಾಲು. ಮೊದಲ ಸಲ ಪೊರೆ ಬಿಟ್ಟ ಮೇಲೆ ಎಂಟಾಗುತ್ತದೆ, ಪೂರ್ತಿ ಬೆಳೆಯುವ ಹೊತ್ತಿಗೆ ಮತ್ತೂ ಹಲವು ಸಲ ಪೊರೆ ಬಿಡಬೇಕು. ಅಷ್ಟೂ ಕಾಲ ಎಲೆಯಡಿಯ ತೇವ ಆರಬಾರದು.

ಈ ಕುಲಕ್ಕೆ ಹೆಸರಿಟ್ಟ ಲತ್ರೇಯ್ ಎಂಬ ಫ್ರೆಂಚ್ ಪಾದ್ರಿಯ ಕತೆ ಇಲ್ಲಿ ಹೇಳಿಬಿಡಬೇಕು. ಫ್ರಾನ್ಸಿನ ಕ್ರಾಂತಿಯ ಗಲಭೆಯಲ್ಲಿ ಹೊಸ ಸರ್ಕಾರಕ್ಕೆ ಪ್ರಮಾಣ ಮಾಡದ ಪಾದ್ರಿಗಳನ್ನು ಹಿಡಿದು ಸೆರೆಗೆ ಹಾಕಿದಾಗ ಈತನೂ ಒಳಗಾದ. ಬೋರ್ಡೋದ ಸೆರೆಮನೆಯ ನೆಲದಲ್ಲಿ ಹರಿಯುತ್ತಿದ್ದ ಜೀರುಂಡೆಯೊಂದನ್ನು ಹಿಡಿದು ಇದು ಅಪರೂಪದ್ದು ಎಂದ. ಕೈದಿಗಳನ್ನು ನೋಡಲು ಬಂದ ವೈದ್ಯನಿಗೆ ಅದನ್ನು ತೋರಿಸಿದ. ಜೀರುಂಡೆ ಕೈಯಿಂದ ಕೈಗೆ ದಾಟಿ ನಿಸರ್ಗ ಪ್ರೇಮಿಯೊಬ್ಬನನ್ನು ಮುಟ್ಟಿ, ಆತನ ಪ್ರಯತ್ನದಿಂದ ಲತ್ರೇಯ್ ಬಿಡುಗಡೆಯಾದ. ಲಿನ್ನೇಯಸ್ 1758ರಲ್ಲಿ ಕಂಡಕಂಡ ನುಸಿಯನ್ನೆಲ್ಲ ಅಕಾರಸ್ ಎಂಬ ಒಂದೇ ಕುಲಕ್ಕೆ ಸೇರಿಸಿದ್ದ. ಅದರಿಂದ ಈ ಮೂತಿನುಸಿಯನ್ನು ಬಿಡಿಸಿ 1795ರಲ್ಲಿ ಬೆಡೆಲ್ಲಾ ಎಂದು ಬೇರೆ ಕುಲ ಮಾಡಿದವನು ಈ ಮಾಜಿ ಕೈದಿ. ಹುಳವೊಂದರಿಂದ ಜೀವ ಉಳಿದವನು ಮಿಕ್ಕ ಹುಳಗಳನ್ನು ಅಷ್ಟು ಗಮನಿಸಿ ನೋಡಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಬಂಡೆಯಿಂದಿಳಿದು ಡಿವಿಜಿ ರಸ್ತೆಯ ಕಡೆ ನಡೆಯುವಾಗ ಗೆಳೆಯ ತಗ್ಗಿನ ಕೊಂಬೆಯಿಂದ ಒಂದು ಹೊಂಗೆ ಎಲೆ ಕಿತ್ತು ಕೈಗಿಟ್ಟ. ಎಲೆಯ ತುಂಬ ಗಂಟುಗಂಟು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರೆಲ್ಲ ನೋಡಿರುವ, ಹೊಂಗೆ ಎಲೆ ಇರುವುದೇ ಹೀಗೆ ಎಂದು ನಂಬಿರುವ ಗಂಟು. ಅದು ಅಸೀರಿಯಾ ಪೊಂಗಾಮಿಯೆ ಎಂಬ ಇನ್ನೊಂದು ನುಸಿಯ ಮನೆ. ಒಂದೊಂದು ಗಂಟಿನೊಳಗೂ ಬರಿಗಣ್ಣಿಗೆ ಕಾಣದ, ನಾಲ್ಕೇ ಕಾಲಿನ, ರಸ ಹೀರುವ ನುಸಿಗಳ ವಠಾರ.

ನುಸಿ ಎಂದರೆ ಕನ್ನಡದವರಿಗೆ ನೆನಪಾಗುವುದು ಇಂಥವೇ. ತೆಂಗಿನ ನುಸಿಯನ್ನು ಮರೆತವರು ಯಾರು? 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಕಾಣಿಸಿಕೊಂಡು ಬಲುಬೇಗ ನಮ್ಮ ತೋಟಗಳನ್ನು ಹೊಕ್ಕಿತು. ಕಾಯಿ ಎಳೆಯದಾಗಿದ್ದಾಗ ತೊಟ್ಟಿನ ಹೊದಿಕೆಯಡಿ ಸೇರಿ ಸಿಪ್ಪೆಯ ರಸ ಹೀರುತ್ತದೆ. ಕಾಯಿ ಬೆಳೆದ ಹಾಗೆ ಆ ಗಾಯ ಕಂದು ಬಿರುಕಾಗಿ ಹರಡಿ ಕಾಯಿ ಸಣ್ಣದಾಗುತ್ತದೆ. ಕಂಗಾಲಾದ ತೆಂಗು ಬೆಳೆಗಾರರು ನೀರಾ ಇಳಿಸಲು ಅನುಮತಿ ಕೇಳಿ 2001ರಲ್ಲಿ ಬೀದಿಗಿಳಿದರು. ಗೆಳೆಯನ ಮನೆಯಲ್ಲಿ ಆ ವರ್ಷಗಳ ಮಾತು ಬಂದರೆ ಈಗಲೂ ಅವರಪ್ಪ ಎದ್ದು ಹೊರಗೆ ಹೋಗುತ್ತಾರಂತೆ. "ನುಸಿ ಓದ್ತೀನಿ ಅಂದಾಗ, ಕೊಲ್ಲೋದು ಓದು, ಸಾಕೋದಲ್ಲ ಅಂದಿದ್ರು," ಎಂದು ನಕ್ಕ. ಆತ ಓದಿದ್ದು ಎರಡನ್ನೂ. ಅದೇ ತೆಂಗಿನ ತೊಟ್ಟಿನಡಿ, ಅದೇ ಇಕ್ಕಟ್ಟಿನಲ್ಲಿ, ನಿಯೋಸೀಯುಲಸ್ ಬರಾಕಿ ಎಂಬ ಚಪ್ಪಟೆ ಮೈಯ ಬೇಟೆಗಾರ ನುಸಿಯೂ ಇರುತ್ತದೆ. ರಸ ಹೀರುವ ನುಸಿಯೇ ಅದರ ಊಟ. ಪತ್ರಿಕೆಗಳಲ್ಲಿ ಬಂದದ್ದೆಲ್ಲ ಮೊದಲನೆಯದರ ಸುದ್ದಿ. ಎರಡನೆಯದು ಯಾವ ತಲೆಬರಹಕ್ಕೂ ಏರಲಿಲ್ಲ.

ಪಟ್ಟಿ ಬೆಳೆಸಬಹುದು. ಕಲಬುರಗಿ ಸೀಮೆಯಲ್ಲಿ ತೊಗರಿಗೆ ಗೊಡ್ಡು ರೋಗ ತಗಲಿದರೆ ಗಿಡ ಹುಲುಸಾಗಿ ಬೆಳೆದು ಹೂವನ್ನೇ ಬಿಡುವುದಿಲ್ಲ. ಆ ರೋಗದ ವೈರಸ್ಸನ್ನು ಗಿಡದಿಂದ ಗಿಡಕ್ಕೆ ಹೊರುವ ನುಸಿಗೆ ಅಸೀರಿಯಾ ಕಜಾನಿ ಎಂದು ಹೆಸರು ಕೊಟ್ಟು ಜಗತ್ತಿಗೆ ಪರಿಚಯಿಸಿದವರು ಹೆಬ್ಬಾಳದ ಜಿ.ಪಿ. ಚನ್ನಬಸವಣ್ಣ. ಭಾರತದ ಇಂಥ ನುಸಿಗಳ ಬಗ್ಗೆ ಅವರ ದೊಡ್ಡ ಗ್ರಂಥ ಬಂದದ್ದು 1966ರಲ್ಲಿ. ಕಣ್ಣಿಗೆ ಕಾಣದ ಜೀವಿಗಳನ್ನು ನೋಡುವುದನ್ನೇ ಜೀವನವಿಡೀ ಮಾಡಿದ ಅವರಿಂದಾಗಿ ಬೆಂಗಳೂರು ನುಸಿಶಾಸ್ತ್ರದ ದೊಡ್ಡ ಊರಾಯಿತು. 1986ರ ಆಗಸ್ಟಿನಲ್ಲಿ ಏಳನೆಯ ಅಂತರರಾಷ್ಟ್ರೀಯ ನುಸಿಶಾಸ್ತ್ರ ಸಮ್ಮೇಳನ ನಡೆದದ್ದು ಇದೇ ಊರಿನಲ್ಲಿ. ಅದರ ಹಿಂದಿನದು ಎಡಿನ್‌ಬರೋದಲ್ಲಿ ನಡೆದಿತ್ತು. ಬೆಂಗಳೂರು ಸಮ್ಮೇಳನದ ಪ್ರಬಂಧಗಳನ್ನು ಚನ್ನಬಸವಣ್ಣ ಮತ್ತು ಸಿ.ಎ. ವಿರಕ್ತಮಠ ಸೇರಿ ಸಂಪಾದಿಸಿ ಹೊರತಂದರು. ಬೆಂಗಳೂರಿನ ಮನೆಗಳ ಧೂಳಿನಲ್ಲಿರುವ ನುಸಿಗಳನ್ನು ಲೆಕ್ಕ ಹಾಕಿದ ಅಧ್ಯಯನವೂ ಅವರ ಬಳಗದಿಂದಲೇ ಆಯಿತು. ಹಾಸಿಗೆಯ ಧೂಳಿನಲ್ಲಿ ನಮ್ಮ ಚರ್ಮದ ಹೊಟ್ಟು ತಿಂದು ಉಬ್ಬಸಕ್ಕೆ ಕಾರಣವಾಗುವ ನುಸಿಗಳನ್ನೂ ಬೇಟೆಯಾಡಲು ಚೈಲೀಟಸ್ ಎಂಬ ಇನ್ನೊಂದು ಕುಲವಿದೆ. ಮಲಗುವ ಕೋಣೆಯಲ್ಲೂ ಹುಲಿಯಿದೆ, ಜಿಂಕೆಯಿದೆ.

ಡಿವಿಜಿ ಹೆಸರಿನ ರಸ್ತೆಯಲ್ಲಿ ನಡೆಯುವಾಗ ಅವರ ಮಗ ಬಿ.ಜಿ.ಎಲ್. ಸ್ವಾಮಿ ನೆನಪಾಗದೆ ಇರುತ್ತಾರೆಯೇ? 'ಹಸಿರು ಹೊನ್ನು' ಬರೆದು, ಸಸ್ಯಶಾಸ್ತ್ರವನ್ನು ಹರಟೆಯ ಮಟ್ಟಕ್ಕೆ ತಂದು, ಅದಕ್ಕೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನವನ್ನೂ ಗೆದ್ದರು. ಗಿಡಮರಗಳಿಗೆ ಕನ್ನಡದಲ್ಲಿ ಒಬ್ಬ ಸ್ವಾಮಿ ಸಿಕ್ಕರು, ಹಕ್ಕಿಗಳಿಗೆ ತೇಜಸ್ವಿ ಸಿಕ್ಕರು. ನುಸಿಗಳು ಇನ್ನೂ ಕಾಯುತ್ತಿವೆ.

ಲಾಲ್‌ಬಾಗಿನಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹೈದರಾಲಿ 1760ರಲ್ಲಿ ಶುರುಮಾಡಿದ ತೋಟ, ಈಗ 240 ಎಕರೆ. ಅಲ್ಲಿ ತರಗೆಲೆಗೆ ಬರವಿಲ್ಲ, ಮೂತಿನುಸಿ ಸಿಕ್ಕರೆ ಅದು ಸುದ್ದಿಯೂ ಅಲ್ಲ. ಅಲ್ಲಿಂದ ಏನನ್ನೂ ಕೀಳಬಾರದು, ಒಯ್ಯಬಾರದು. ಕೂತು ನೋಡಿದೆವಷ್ಟೆ. ಆದರೆ ಕೆಂಪೇಗೌಡ ಗೋಪುರವಿರುವ ಬಂಡೆಯ ಮೇಲೆ ಕೂತರೆ ಬೇರೊಂದು ಲೆಕ್ಕ ತಲೆಗೆ ಬರುತ್ತದೆ. ಈ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದು ಗಟ್ಟಿಯಾದಾಗ ನೆಲದ ಮೇಲೆ ಎಲೆಯೇ ಇರಲಿಲ್ಲ. ನುಸಿಗಳ ಅತಿ ಹಳೆಯ ಪಳೆಯುಳಿಕೆಗಳು ಸಿಕ್ಕದ್ದು ಸ್ಕಾಟ್ಲೆಂಡಿನ ರೈನಿ ಎಂಬ ಹಳ್ಳಿಯ ಕಲ್ಲಿನಲ್ಲಿ, ಸುಮಾರು 41 ಕೋಟಿ ವರ್ಷ ಹಿಂದಿನವು. ಬಿಸಿನೀರ ಬುಗ್ಗೆಯ ಸಿಲಿಕಾದಲ್ಲಿ ಅಂದಿನ ಮೊಣಕಾಲೆತ್ತರವೂ ಇಲ್ಲದ ಗಿಡಗಳು, ಅವುಗಳ ನಡುವಿನ ಸಣ್ಣ ಜೀವಿಗಳು ಇದ್ದಹಾಗೆಯೇ ಕಲ್ಲಾದವು. ಬ್ರಿಟಿಷ್ ಮ್ಯೂಸಿಯಮ್ಮಿನ ಸ್ಟ್ಯಾನ್ಲಿ ಹರ್ಸ್ಟ್ 1923ರಲ್ಲಿ ಅಲ್ಲಿಯ ನುಸಿಯನ್ನು ವರ್ಣಿಸಿದ. ಮೂರು ವರ್ಷ ಕಳೆದು ಅದೇ ಕಲ್ಲಿನಲ್ಲಿ ಒಂದು ಸ್ಪ್ರಿಂಗ್‌ಟೇಲ್ ಸಿಕ್ಕಿತು. ಅದಕ್ಕೆ ಹೆಸರಿಟ್ಟವರು ಹರ್ಸ್ಟ್ ಮತ್ತು ಭಾರತದ ಕೀಟತಜ್ಞ ಸಮರೇಂದ್ರ ಮೌಲಿಕ್. ಕಹಳೆ ಬಂಡೆಯ ಸಂದಿಯಿಂದ ನಾವು ಕೊಡವಿದ ತಟ್ಟೆಯಲ್ಲಿ ಎದುರಾದ ಎರಡೂ ವಂಶ ಆ ಒಂದೇ ಕಲ್ಲಿನಲ್ಲಿವೆ. ಕಾಡುಗಳಿಗಿಂತ ಮೊದಲೇ, ರೆಕ್ಕೆ ಬಡಿಯುವ ಯಾವುದೇ ಪ್ರಾಣಿಗಿಂತ ಮೊದಲೇ ಇವು ನೆಲದ ಮೇಲಿದ್ದವು.

ಚಾಮರಾಜಪೇಟೆ ಈ ತಿರುಗಾಟದ ಕಷ್ಟದ ಭಾಗ. 1892ರಲ್ಲಿ ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ ಎದ್ದ ಬಡಾವಣೆ, ಬಸವನಗುಡಿ ಮಲ್ಲೇಶ್ವರಗಳಿಗಿಂತ ಹಳೆಯದು. 1898ರಲ್ಲಿ ಪೇಟೆಯ ಇಕ್ಕಟ್ಟಿನ ಗಲ್ಲಿಗಳಿಗೆ ಪ್ಲೇಗ್ ಬಿದ್ದು ಜನ ಸತ್ತು, ಬದುಕಿದವರು ಊರಾಚೆ ಗುಡಿಸಲು ಹಾಕಿಕೊಂಡ ಮೇಲೆ ಆ ಎರಡು ಬಡಾವಣೆಗಳು ರೂಪುಗೊಂಡವು. ಅಗಲ ರಸ್ತೆ, ಗಾಳಿ ಬೆಳಕಿನ ನಿವೇಶನ, ಸಾಲುಮರ, ಮನೆಗಳ ಹಿತ್ತಿಲಿಗೆ ಮಲ ಹೊರುವವರು ಬಂದುಹೋಗಲೆಂದು ಕನ್ಸರ್ವೆನ್ಸಿ ಗಲ್ಲಿ. ಕೊಳೆ ಕಂಡರೆ ಪ್ಲೇಗು ಎಂಬ ಭಯದಲ್ಲೇ ಆ ಬೀದಿಗಳ ನಕ್ಷೆ ಬರೆದದ್ದು. ಎಲೆ ಬಿದ್ದ ಮರುಗಳಿಗೆ ಗುಡಿಸುವ ನಮ್ಮ ಆತುರದಲ್ಲಿ ಆ ಭಯದ ಪಾಲು ಇನ್ನೂ ಇದೆ ಎಂದೇ ನನ್ನ ಅನುಮಾನ. ಪ್ಲೇಗು ಬಂದದ್ದು ಇಲಿಯ ಮೈಮೇಲಿನ ಚಿಗಟದಿಂದ. ಹೊಂಗೆ ಎಲೆಗೂ ಅದಕ್ಕೂ ಸಂಬಂಧವಿರಲಿಲ್ಲ.

ಕನ್ನಡ ಸಾಹಿತ್ಯ ಪರಿಷತ್ತಿನ ಬೀದಿಯ ಒಂದು ಮರದ ಬುಡದಲ್ಲಿ ನಾವಿಬ್ಬರೂ ಮಂಡಿಯೂರಿದ್ದಾಗ ತಳ್ಳುಗಾಡಿಯ ಸದ್ದು ನಿಂತಿತು.

"ಏನ್ ಸಾರ್, ಉಂಗುರ ಕಳ್ಕೊಂಡ್ರಾ?"

"ಇಲ್ಲಮ್ಮ, ಎಲೆ ಕೆಳಗೆ ಹುಳ ಇದೆಯಾ ಅಂತ ನೋಡ್ತಿದೀವಿ."

ಆಕೆ ಪೊರಕೆಯನ್ನು ಗಾಡಿಗೆ ಒರಗಿಸಿದರು. "ಹುಳ ಬರ್ಬಾರ್ದು ಅಂತಾನೇ ಸಾರ್ ನಾವು ಗುಡ್ಸೋದು. ಇಲ್ಲಿ ಹುಳ ಐತೆ ಅಂತ ನೀವೆಲ್ಲಾದ್ರೂ ಹೇಳ್ಬಿಟ್ರೆ ಮೇಸ್ತ್ರಿ ನಮಗ್ ಬೈತಾರೆ."

ಹೇಳುವುದಿಲ್ಲವೆಂದು ಮಾತು ಕೊಟ್ಟೆವು. ಯಾವ ಮರ ಯಾವಾಗ ಉದುರುತ್ತದೆ ಎಂದು ಗೆಳೆಯ ಕೇಳಿದ. ಪುಸ್ತಕದಲ್ಲಿ ಹುಡುಕಬೇಕಾದ ಉತ್ತರ ಆಕೆಯ ನಾಲಗೆಯ ತುದಿಯಲ್ಲಿತ್ತು. "ಮಹಾಗನಿ ಶಿವರಾತ್ರಿ ಹೊತ್ಗೆ ಒಂದೇ ಸಲ ಸುರೀತದೆ, ಗಾಡಿ ಮೇಲೆ ಗಾಡಿ. ಹೊಂಗೆ ಯುಗಾದಿಗ್ ಮುಂಚೆ. ಮೇಫ್ಲವರ್ ಇದ್ಯಲ್ಲ, ಅದೇ ಸಾರ್ ನಮಗ್ ಕಾಟ. ಸಣ್ಣೆಲೆ. ಪೊರಕೆಗೆ ಸಿಕ್ಕಲ್ಲ, ಕಲ್ ಸಂದಿಗೆ ಹೋಗಿ ಕೂತ್ಕೊಂತದೆ."

ಆ ಬೆಳಗಿನ ದೊಡ್ಡ ಪಾಠ ಅದು. ಆಕೆ ಮೇಫ್ಲವರ್ ಎಂದ ಗುಲ್‌ಮೊಹರ್, ಮಳೆಮರಗಳ ಕಿರುಎಲೆಗಳು ಪೊರಕೆಯ ಕಡ್ಡಿಗಳ ನಡುವೆ ನುಸುಳಿ ಫುಟ್‌ಪಾತಿನ ಕಲ್ಲುಗಳ ನಡುವೆ ಇಳಿಯುತ್ತವೆ. ಆಕೆ ಹೋದ ಮೇಲೆ ಅಂಥ ಒಂದು ಸಂದಿಯನ್ನು ಕುಂಚದಿಂದ ಕೆದಕಿದೆವು. ಸ್ಪ್ರಿಂಗ್‌ಟೇಲ್ ಇತ್ತು. ಒರಿಬ್ಯಾಟಿಡ್ ಇತ್ತು. ಮೂತಿನುಸಿ ಇಲ್ಲ. ಕಲ್ಲಿನ ಮೇಲೆ ಮಾತ್ರ ಅನಿಸ್ಟಿಸ್ ಎಂಬ ಬೇರೆ ಕುಲದ ಬೇಟೆಗಾರ, ಅದೂ ಕೆಂಪೇ, ಗಿರಕಿ ಹೊಡೆಯುತ್ತ ಓಡುತ್ತಿತ್ತು. ಅದಕ್ಕೆ ಎಲೆಯ ಹಾಸಿಗೆ ಬೇಕೇಬೇಕೆಂದಿಲ್ಲ, ಬಿಸಿಲು ಬಿದ್ದ ಗೋಡೆಯೂ ಆದೀತು. ಊರಿಗೆ ಹೊಂದಿಕೊಂಡ ಬೇಟೆಗಾರ.

ಚಾಮರಾಜಪೇಟೆಯಲ್ಲಿ ಇನ್ನೊಂದು ಕೆಲಸವಿತ್ತು, ಬಲ್ಬು ಕೊಳ್ಳುವುದು. ತರಗೆಲೆಯಿಂದ ನುಸಿಗಳನ್ನು ಬೇರ್ಪಡಿಸುವ ಸುಲಭ ಉಪಾಯವನ್ನು ಇಟಲಿಯ ಆಂಟೋನಿಯೋ ಬೆರ್ಲೆಸೆ 1905ರಲ್ಲಿ ಕಂಡುಹಿಡಿದ. ಲಾಳಿಕೆಯ ಬಾಯಿಗೆ ಜರಡಿ ಇಟ್ಟು ಅದರಲ್ಲಿ ಎಲೆ ಹರವಿ ಬಿಸಿ ತಗುಲಿಸುವುದು. ಎಲೆ ಮೇಲಿನಿಂದ ಒಣಗುತ್ತ ಬಂದ ಹಾಗೆ ಜೀವಿಗಳು ತೇವ ಹುಡುಕಿಕೊಂಡು ಕೆಳಗಿಳಿದು, ಕೊನೆಗೆ ಲಾಳಿಕೆಯ ಕಂಠದಿಂದ ಕೆಳಗಿನ ಸೀಸೆಗೆ ಬೀಳುತ್ತವೆ. ಬೆರ್ಲೆಸೆ ಬಿಸಿಗೆ ಬಳಸಿದ್ದು ಬಿಸಿನೀರು. 1918ರಲ್ಲಿ ಸ್ವೀಡನ್ನಿನ ಟುಲ್‌ಗ್ರೆನ್ ಅದರ ಬದಲು ಎಲೆಯ ಮೇಲೆ ವಿದ್ಯುತ್ ದೀಪ ತೂಗುಹಾಕಿದ. ಬೆರ್ಲೆಸೆಯ ಲಾಳಿಕೆ ಹುಟ್ಟಿದ 1905ರಲ್ಲೇ, ಆಗಸ್ಟ್ 5ರಂದು, ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪ ಮೊದಲು ಹೊತ್ತಿತು. ಅದು ಹೊತ್ತಿದ್ದು ಈ ಪೇಟೆಯ ಮಗ್ಗುಲಿನಲ್ಲೇ, ಈಗಿನ ಕೃಷ್ಣರಾಜ ಮಾರುಕಟ್ಟೆಯ ಬಳಿ. ಆದರೆ ಲಾಳಿಕೆಯ ಕೆಲಸಕ್ಕೆ ಬೇಕಾದದ್ದು ಬಿಸಿಯಾಗುವ ಹಳೇ ತಂತಿ ಬಲ್ಬು. ಎಲ್ಲ ಅಂಗಡಿಯವರೂ ಎಲ್‌ಇಡಿ ತೋರಿಸಿದರು. "ಕರೆಂಟ್ ಉಳಿಯತ್ತೆ ಸಾರ್, ಬಿಸೀನೇ ಆಗಲ್ಲ," ಎಂದು ಹೊಗಳಿದರು. ಬಿಸಿಯೇ ಬೇಕೆಂದಾಗ ಒಬ್ಬ ಹಿರಿಯರು ಅಟ್ಟದ ಮೇಲಿನಿಂದ ಧೂಳು ಹಿಡಿದ ಪೆಟ್ಟಿಗೆ ಇಳಿಸಿ, ಕೋಳಿಮರಿಗೋ ಎಂದು ಕೇಳಿದರು. ಹೂಂ ಅಂದು ನಲವತ್ತು ವಾಟಿನದು ತಂದೆವು.

ಸೀಮೆಎಣ್ಣೆ ಲಾಳಿಕೆ, ಹಿಟ್ಟಿನ ಜರಡಿ, ತಂತಿ ಬಲ್ಬು. ಕಹಳೆ ಬಂಡೆಯಿಂದ ತಂದ ಒಂದು ಹಿಡಿ ಎಲೆ ಮೂರು ದಿನ ಅದರಡಿ ಕೂತಿತು. ಸೀಸೆಯ ಸ್ಪಿರಿಟ್ಟಿನಲ್ಲಿ ಇಳಿದದ್ದನ್ನು ಗೆಳೆಯ ತನ್ನ ಸೂಕ್ಷ್ಮದರ್ಶಕದಡಿ ಇಟ್ಟ. ಲ್ಯಾಕ್ಟಿಕ್ ಆಮ್ಲದಲ್ಲಿ ನೆನೆಸಿದರೆ ಕೆಂಪು ಇಳಿದು ಮೈ ಗಾಜಾಗುತ್ತದೆ. ಆಮೇಲೆ ಹೋಯರ್ ದ್ರಾವಣದ ಹನಿಯಲ್ಲಿ ಮಲಗಿಸಿ ಮೇಲೆ ತೆಳುಗಾಜು ಮುಚ್ಚಬೇಕು. ಬೆಡೆಲ್ಲಾ ಮತ್ತು ಅದರ ದಾಯಾದಿ ಬೆಡೆಲ್ಲೋಡಿಸ್, ಇವನ್ನು ಬಣ್ಣದಿಂದ, ಗಾತ್ರದಿಂದ ಬೇರೆ ಮಾಡಲಾಗದು. ಮೂತಿಯ ಅಡಿಭಾಗದ ಕೂದಲನ್ನು ಎಣಿಸಬೇಕು. ಎರಡು ಜೊತೆಯಾದರೆ ಮೊದಲನೆಯದು, ಅದಕ್ಕಿಂತ ಹೆಚ್ಚಿದ್ದರೆ ಎರಡನೆಯದು. "ಎರಡು ಜೊತೆ," ಅಂದ. ಮತ್ತೆ ಎಣಿಸಿ ಮತ್ತೆ ಅದನ್ನೇ ಅಂದ.

ಎರಡನೆಯ ದಾಯಾದಿಗೆ ಒಂದು ಕೀರ್ತಿಯಿದೆ. ಯುರೋಪಿನಿಂದ ಹೇಗೋ ಹಡಗು ಹತ್ತಿ ಪಶ್ಚಿಮ ಆಸ್ಟ್ರೇಲಿಯಾಕ್ಕೆ ಹೋದ ಒಂದು ಹಸಿರು ಸ್ಪ್ರಿಂಗ್‌ಟೇಲ್ ಅಲ್ಲಿನ ಮೇವಿನ ಹೊಲಗಳನ್ನು ಮೇಯತೊಡಗಿತ್ತು. 1930ರ ದಶಕದ ಮೊದಲಲ್ಲಿ ವೊಮರ್ಸ್ಲಿ ಎಂಬ ವಿಜ್ಞಾನಿ, ಕೆಲವು ಹೊಲಗಳಲ್ಲಿ ಮಾತ್ರ ಪೀಡೆ ಕಡಿಮೆಯಿರುವುದನ್ನು ಗಮನಿಸಿ ನೋಡಿದರೆ ಅಲ್ಲಿ ಮೂತಿನುಸಿಯಿತ್ತು, ಅದೂ ಕರೆಯದೆ ಬಂದ ಯುರೋಪಿನದೇ. ಆಮೇಲೆ ಅದನ್ನು ಹಿಡಿದು ಬೇರೆ ಹೊಲಗಳಿಗೂ ಹಂಚಿದರು. ಇಂದು ಯುರೋಪ್, ಅಮೆರಿಕದ ಹಸಿರುಮನೆಗಳವರು ನೆಲದ ಬೇಟೆಗಾರ ನುಸಿಗಳನ್ನು ಸೀಸೆಯಲ್ಲಿ ಹಣ ಕೊಟ್ಟು ತರಿಸಿ ಕುಂಡಗಳಿಗೆ ಉದುರಿಸುತ್ತಾರೆ. ನಾವು ತಳ್ಳುಗಾಡಿಗೆ ತುಂಬಿ ಕಳಿಸುತ್ತೇವೆ.

ನ್ಯಾಷನಲ್ ಕಾಲೇಜಿನ ಬಳಿ ಹಸಿರು ಮಾರ್ಗದ ಮೆಟ್ರೊ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿದೆವು. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ: ಮಲ್ಲೇಶ್ವರದ ಬೀದಿಗಳಿಗೆ ಸಂಪಿಗೆ, ಬೇವಿನ ಹೆಸರುಗಳು ಉಳಿದಿವೆ. ಮರಗಳ ಮಾತು ಬೇರೆ. ಅಡ್ಡರಸ್ತೆಯೊಂದರ ತಿರುವಿನಲ್ಲಿ ಹೊಗೆ ಬರುತ್ತಿತ್ತು, ಹಸಿ ಎಲೆ ಸುಡುವ ಕಮಟು. ಕಸವನ್ನು ಬಯಲಲ್ಲಿ ಸುಡುವಂತಿಲ್ಲ ಎಂದು ಘನತ್ಯಾಜ್ಯ ನಿಯಮಗಳು ಹೇಳುತ್ತವೆ. ಬೆಂಕಿ ಹಚ್ಚಿದವರು ಯಾರೆಂದು ಕೇಳಿದರೆ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಅದೇ ಬೀದಿಯ ಇನ್ನೊಂದು ತುದಿಯ ಪಾರ್ಕಿನಲ್ಲಿ ತಂತಿಬಲೆಯ ಗೂಡು ಮಾಡಿ ಎಲೆ ತುಂಬಿ ಗೊಬ್ಬರಕ್ಕೆ ಬಿಟ್ಟಿದ್ದರು. ಒಳ್ಳೆಯ ಕೆಲಸ. ಆ ಗೂಡಿನಲ್ಲಿ ಬೇಟೆಗಾರ ನುಸಿಗಳು ತುಂಬಿದ್ದವು, ಆದರೆ ಬೇರೆ ಥರದವು. ಮ್ಯಾಕ್ರೋಕೈಲಿಸ್ ಕುಲದ ಕಂದು ನುಸಿಗಳು ಸಗಣಿಹುಳುವಿನ, ನೊಣದ ಮೈಗೆ ಜೋತುಬಿದ್ದು ಸವಾರಿ ಮಾಡುತ್ತ ಹೊಸ ಗೊಬ್ಬರಕ್ಕೆ ಬಂದಿಳಿಯುತ್ತವೆ. ಅವಕ್ಕೆ ವರ್ಷದ ಬಿಡುವು ಬೇಡ. ಗೂಡಿನ ಗೊಬ್ಬರ ಹದವಾದ ಕೂಡಲೇ ಬರಿದಾಗುತ್ತದೆ, ನಡೆದು ಬರುವ ಮೂತಿನುಸಿ ಮುಟ್ಟುವ ಮೊದಲೇ. ಎಲೆ ಸುಡದಿರುವುದು ಒಂದು ಹಂತ, ಎಲೆಯನ್ನು ಇದ್ದಲ್ಲೇ ಬಿಡುವುದು ಇನ್ನೊಂದು. ಎರಡನೆಯದಕ್ಕೆ ನಾವು ಇನ್ನೂ ತಯಾರಿಲ್ಲ. ಕಾಲುದಾರಿ, ಚರಂಡಿ ಬಾಯಿ ಗುಡಿಸಲೇಬೇಕು, ಇಲ್ಲದಿದ್ದರೆ ಮಳೆ ಬಂದ ದಿನ ಊರು ಮುಳುಗುತ್ತದೆ. ಮರದ ಬುಡದ ಒಂದು ಮಾರು ಜಾಗವನ್ನು ಬಿಟ್ಟರೆ ಯಾರ ಗಂಟೂ ಹೋಗುವುದಿಲ್ಲ. ಬುಡದವರೆಗೂ ಸಿಮೆಂಟು ಮೆತ್ತುವ ಚಾಳಿ ಮಾತ್ರ ಯಾವ ಪ್ಲೇಗಿನ ಭಯದಿಂದ ಬಂತೋ ತಿಳಿಯದು.

ಕಾಡು ಮಲ್ಲೇಶ್ವರ ದೇವಸ್ಥಾನಕ್ಕೆ ಶಿವಾಜಿಯ ಮಲಸಹೋದರ ಏಕೋಜಿ ಮೇದರನಿಂಗನಹಳ್ಳಿಯನ್ನು ಬಿಟ್ಟುಕೊಟ್ಟ 1669ರ ಶಾಸನವಿದೆ. ಆ ಹಳ್ಳಿ ಈಗಿಲ್ಲ, ಶಾಸನದಲ್ಲಿದೆ. ಕಾಡೂ ದೇವರ ಹೆಸರಿನಲ್ಲಷ್ಟೇ ಇದೆ ಎಂದುಕೊಂಡು ಹಿಂದಿನ ಅಡ್ಡರಸ್ತೆಗಳಲ್ಲಿ ಅಲೆಯುತ್ತಿದ್ದಾಗ ಕನ್ಸರ್ವೆನ್ಸಿ ಗಲ್ಲಿಯ ಬಾಯಲ್ಲಿ ಒಂದು ಅರಳಿಕಟ್ಟೆ ಸಿಕ್ಕಿತು. ಅರಳಿ, ಬೇವು ಒಂದಕ್ಕೊಂದು ಹೆಣೆದು ನಿಂತಿದ್ದವು. ಬುಡದಲ್ಲಿ ಸಾಲಾಗಿ ನಾಗರಕಲ್ಲುಗಳು. ಕಲ್ಲಿನ ಮುಂದೆ ತೊಳೆದು ರಂಗೋಲಿ ಹಾಕಿದ್ದರು. ಕಲ್ಲಿನ ಹಿಂದೆ, ಕಟ್ಟೆಗೂ ಕಾಂಪೌಂಡಿಗೂ ನಡುವಿನ ಮೊಳದಗಲದ ಜಾಗದಲ್ಲಿ, ಅರಳಿ ಎಲೆ ಪದರಪದರವಾಗಿ ಕೊಳೆತು ತೇವ ಹಿಡಿದು ಕೂತಿತ್ತು. ಎಲೆಗಳ ಹಸಿರು ಕರಗಿ ನರಗಳ ಜಾಲರಿ ಮಾತ್ರ ಉಳಿದವು ಕೈಗೆ ಬಂದವು. ಚಿಕ್ಕಂದಿನಲ್ಲಿ ಪುಸ್ತಕದ ಹಾಳೆಗಳ ನಡುವೆ ಇಟ್ಟು ಮಾಡುತ್ತಿದ್ದ ಜಾಲರಿಯನ್ನು ಇಲ್ಲಿ ನುಸಿ, ಬೂಷ್ಟುಗಳು ಸೇರಿ ಮಾಡಿದ್ದವು. ಗೆಳೆಯ ತಟ್ಟೆ ಹಿಡಿದ. ಅಷ್ಟರಲ್ಲಿ ನಾಗರಕಲ್ಲಿನ ಹೆಡೆಯ ಮೇಲೆ, ಅರಿಸಿನದ ಹಳದಿಯಲ್ಲಿ, ಕುಂಕುಮದ ಒಂದು ಕಣ ತಾನಾಗಿ ಎದ್ದು ನಡೆಯತೊಡಗಿದ ಹಾಗೆ ಕಂಡಿತು. ಎರಡು ಹೆಜ್ಜೆ, ನಿಂತು, ಮತ್ತೆ ಎರಡು ಹೆಜ್ಜೆ. ಮಸೂರ ಬೇಕಾಗಲಿಲ್ಲ.

"ಏನ್ರೀ ಅದು, ಚೇಳೇನು?" ಹಿಂದಿನಿಂದ ದನಿ ಬಂತು. ಪಂಚೆ ಉಟ್ಟ ಹಿರಿಯರೊಬ್ಬರು, ಕೈಯಲ್ಲಿ ಹಾಲಿನ ಪ್ಯಾಕೆಟ್ಟು. ಎದುರು ಮನೆಯವರು.

ಅಲ್ಲ ಸಾರ್, ನುಸಿ ಎಂದು ಗೆಳೆಯ ವಿವರಿಸಿದ. ಬೇಟೆ, ನೂಲು, ಎಲೆ, ಬೂಷ್ಟು, ಒಂದನ್ನೂ ಬಿಡದೆ. ಹಿರಿಯರು ಮಸೂರ ಇಸಿದುಕೊಂಡು ಕಲ್ಲಿನ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು. ನಲವತ್ತು ವರ್ಷದಿಂದ ಈ ಕಟ್ಟೆಗೆ ದಿನಾ ಕೈ ಮುಗಿಯುತ್ತಿದ್ದಾರಂತೆ, ಇವನನ್ನು ಇವತ್ತೇ ನೋಡಿದ್ದು ಎಂದರು.

"ಸಾರ್, ಕಲ್ಲಿನ ಹಿಂದಿನ ಎಲೆ ಯಾರೂ ತೆಗೆಯಲ್ವಾ?" ನಾನು ಕೇಳಿದೆ.

"ಹಿಂದಕ್ಕೆ ಯಾರು ಕೈ ಹಾಕ್ತಾರ್ರೀ? ಒಂದ್ಸಲ ಯಾರೋ ಹೆಡೆ ಕಂಡೆ ಅಂದ. ಅಷ್ಟೇ."

"ನಿಜವಾಗ್ಲೂ ಹಾವಿತ್ತಾ?"

"ನಾನಂತೂ ನೋಡಿಲ್ಲ." ಮಸೂರ ವಾಪಸು ಕೊಟ್ಟು, ಹಾಲಿನ ಪ್ಯಾಕೆಟ್ಟನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. "ನೀವು ಹುಳಕ್ಕೋಸ್ಕರ ಎಲೆ ಬಿಡಿ ಅಂತ ಹೇಳಿದ್ರೆ ಈ ಬೀದೀಲಿ ಒಬ್ರೂ ಕೇಳಲ್ಲ. ಪಾರ್ಕಲ್ಲಿ, ಮರದ ಬುಡದಲ್ಲಿ, ನಿಮಗೆ ಎಲ್ಲೆಲ್ಲಿ ಎಲೆ ಉಳೀಬೇಕೋ ಅಲ್ಲೆಲ್ಲ ನಾಗರಹಾವು ಓಡಾಡ್ತಿದೆ ಅಂತ ಒಂದೊಂದು ಬೋರ್ಡು ತಗುಲಿಸಿ. ಪೊರಕೇನೂ ಬರಲ್ಲ, ಬೆಂಕಿಕಡ್ಡೀನೂ ಬರಲ್ಲ."

"ಸುಳ್ಳು ಬೋರ್ಡು ಯಾರು ಬರೀತಾರೆ ಸಾರ್?" ಗೆಳೆಯ ನಕ್ಕ.

"ಬರೆಯೋದು ನೀವು ಬರೀರಿ, ತಗುಲ್ಹಾಕೋದು ನನಗೆ ಬಿಡಿ. ನನ್ನನ್ನ ಯಾರೂ ಕೇಳಲ್ಲ," ಅಂದು ಅವರು ಗೇಟು ತೆಗೆದು ಒಳಗೆ ಹೋದರು. ಒಂದು ಕ್ಷಣ ಬಿಟ್ಟು ಮತ್ತೆ ಹೊರಗೆ ಇಣುಕಿ, "ಕನ್ನಡದಲ್ಲೇ ಬರೀರಿ, ಅಕ್ಷರ ದೊಡ್ಡದಾಗಿರ್ಲಿ," ಎಂದರು.